ಎರಡು ಪ್ರೊಸೆಸರ್ ಬೋರ್ಡ್: ಮೂರು ವರ್ಷ ಬಳಸಿದ ಮೇಲೆ

ಹಳೇ ಸರ್ವರಿನಿಂದ ಕಳಚಿದ ಮದರ್‌ಬೋರ್ಡ್ ಇದು. ಸಿ612 ಚಿಪ್‌ಸೆಟ್, ಪ್ರೊಸೆಸರ್ ಕೂರಿಸಲು ಎರಡು ಎಲ್‌ಜಿಎ 2011-3 ಸಾಕೆಟ್, ಅದರಲ್ಲಿ ಇಂಟೆಲ್‌ನ ಎರಡು ಸರ್ವರ್ ಪ್ರೊಸೆಸರ್, ಝಿಯಾನ್ ಇ5-2680 ವಿ4. ಒಟ್ಟು 28 ಕೋರ್ (ಲೆಕ್ಕ ಮಾಡುವ ಘಟಕ), 56 ಥ್ರೆಡ್ (ಒಟ್ಟಿಗೇ ನಡೆಸಬಲ್ಲ ಕೆಲಸದ ಎಳೆ). ಮೂರು ವರ್ಷದಿಂದ ದಿನಾ ರೆಂಡರಿಂಗ್, ಅಂದರೆ ದೃಶ್ಯಗಳನ್ನು ಲೆಕ್ಕ ಹಾಕಿ ಅಂತಿಮ ಚಿತ್ರವಾಗಿಸುವ ಕೆಲಸ, ಮಾಡುತ್ತಿದೆ. ಕಂಪನಿಯ ಹೆಸರು ಬೇಡ. ನನ್ನ ತಕರಾರುಗಳು ಈ ಜಾತಿಯ ಬಹಳಷ್ಟು ಬೋರ್ಡ್‌ಗಳಿಗೆ ಹೊಂದುತ್ತವೆ.

ಪ್ರೊಸೆಸರ್ ಆರಿಸಲು ಒಂದು ವಾರ ಓದಿದ್ದೆ, ಬೋರ್ಡ್‌ಗೆ ಅರ್ಧ ದಿನ ಕೊಟ್ಟೆ. ಉಲ್ಟಾ ಆಗಬೇಕಿತ್ತು. ಹಳೇ ಝಿಯಾನ್‌ಗಳು ಅಗ್ಗಕ್ಕೆ ಸಿಗುತ್ತವೆ. ದುಡ್ಡು ತಿನ್ನುವುದು, ತಲೆ ತಿನ್ನುವುದು ಎರಡೂ ಬೋರ್ಡೇ.

ಮೊದಲ ಪೆಟ್ಟು ಅಳತೆಯದು. ಬೋರ್ಡ್ 12×13 ಇಂಚು. ನನ್ನ ಕ್ಯಾಬಿನೆಟ್ ಮೇಲೆ ಇ-ಎಟಿಎಕ್ಸ್ (ದೊಡ್ಡ ಬೋರ್ಡ್‌ಗಳ ಅಳತೆಯ ಹೆಸರು) ಅಂತ ದಪ್ಪಕ್ಷರದಲ್ಲಿ ಬರೆದಿತ್ತು, ಆದರೂ ಬೋರ್ಡ್ ಒಳಗೆ ಇಳಿಯಲಿಲ್ಲ. ಆ ಹೆಸರಿನ ಎಷ್ಟೋ ಕ್ಯಾಬಿನೆಟ್‌ಗಳು 11 ಇಂಚಿನ ಆಸುಪಾಸಿಗೇ ಮುಗಿಯುತ್ತವೆ. 12×13 ಇಂಚಿನ ಸರ್ವರ್ ಬೋರ್ಡ್ ಅಳತೆಯಾದ ಎಸ್‌ಎಸ್‌ಐ ಇಇಬಿ ಅಂತ ಇದೆಯಾ ನೋಡಿ, ಇಲ್ಲವಾದರೆ ಟೇಪ್ ಹಿಡಿಯಿರಿ. ಕೂಲರ್ ಕೂಡ ಹಾಗೇ. ಸಾಕೆಟ್ ಸುತ್ತ ಸ್ಕ್ರೂ ತೂತುಗಳು ಚೌಕಾಕಾರದಲ್ಲಿವೆಯಾ, ಉದ್ದುದ್ದಕ್ಕಿವೆಯಾ ನೋಡದೆ ಕೊಂಡರೆ ಕೂಲರ್ ಸುಮ್ನೆ ಡಬ್ಬದಲ್ಲೇ ಉಳಿಯುತ್ತದೆ. ಪವರ್ ಸಪ್ಲೈಯಲ್ಲಿ ಪ್ರೊಸೆಸರ್‌ಗೇ ಎರಡು 8-ಪಿನ್ ಕೇಬಲ್ ಬೇಕು.

ಎಲ್ಲ ಜೋಡಿಸಿ ಆನ್ ಮಾಡಿದರೆ ವಿಂಡೋಸ್‌ನಲ್ಲಿ ಕಂಡಿದ್ದು 14 ಕೋರ್ ಮಾತ್ರ. ಸಾಕೆಟ್ ಪಿನ್ ಬಾಗಿದೆ ಅಂದುಕೊಂಡು ಭೂತಗನ್ನಡಿ ಹಿಡಿದು ಒಂದು ಸಂಜೆ ಕಳೆದೆ. ಪಿನ್‌ಗಳೆಲ್ಲ ನೆಟ್ಟಗಿದ್ದವು. ನಾನು ಹಾಕಿದ್ದು ಹೋಮ್ ಆವೃತ್ತಿ, ಅದು ಒಂದೇ ಸಾಕೆಟ್ ಗುರುತಿಸುತ್ತದೆ! ಎರಡಕ್ಕೆ ಪ್ರೊ ಬೇಕು. ಲಿನಕ್ಸ್‌ಗೆ ಈ ರಗಳೆ ಇಲ್ಲ.

ಆಮೇಲೆ ಫ್ಯಾನ್ ಕಾಟ. ಸದ್ದು ಕಡಿಮೆಯಾಗಲಿ ಅಂತ ನಿಧಾನ ತಿರುಗುವ ಫ್ಯಾನ್ ಹಾಕಿದೆ. ಫ್ಯಾನ್ ಕೆಟ್ಟಿತು ಅಂತ ಬೋರ್ಡ್ ಗಾಬರಿಯಾಗಿ ಎಲ್ಲವನ್ನೂ ಪೂರ್ತಿ ವೇಗಕ್ಕೆ ಏರಿಸಿತು. ಸ್ವಲ್ಪ ಹೊತ್ತಿಗೆ ಇಳಿಸಿತು, ಮತ್ತೆ ಏರಿಸಿತು. ಪಕ್ಕದಲ್ಲಿ ಯಾರೋ ಬಿಟ್ಟು ಬಿಟ್ಟು ಮಿಕ್ಸಿ ತಿರುಗಿಸಿದ ಹಾಗೆ. ಸರ್ವರ್ ಬೋರ್ಡ್‌ಗಳ ಮೇಲೆ ನಿಗಾ ಇಡುವ ಐಪಿಎಂಐ ಟೂಲ್‌ನಲ್ಲಿ ಫ್ಯಾನ್ ವೇಗದ ಕೆಳಮಿತಿ ತಗ್ಗಿಸಿದ ಮೇಲೆ ಶಾಂತವಾಯಿತು.

ವೇಗ? ಎರಡನೇ ಪ್ರೊಸೆಸರೂ ಕೆಲಸಕ್ಕಿಳಿದ ಮೇಲೆ ರೆಂಡರ್ ಸಮಯ ಹೆಚ್ಚೂಕಮ್ಮಿ ಅರ್ಧಕ್ಕಿಳಿಯಿತು. ಫೋಟೋ ಎಡಿಟಿಂಗ್ ಕೂದಲೆಳೆಯಷ್ಟೂ ಬದಲಾಗಲಿಲ್ಲ. ನಿಜ ಹೇಳಬೇಕಂದ್ರೆ ಈಗಿನ 16 ಕೋರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಒಂದೇ ಈ ಜೋಡಿಯನ್ನು ಸರಿಗಟ್ಟುತ್ತದೆ, ಕರೆಂಟೂ ಕಡಿಮೆ ಎಳೆಯುತ್ತದೆ. ಕೋರ್ ಲೆಕ್ಕ ನೋಡಿ ಮರುಳಾಗುವವರು ಇದನ್ನು ಕೊಳ್ಳಬೇಡಿ.

ನಾನು ಇದನ್ನು ಬಿಡದಿರುವುದು ರ‍್ಯಾಮ್‌ಗಾಗಿ. 16 ಸ್ಲಾಟ್ ಇವೆ, ಸರ್ವರ್‌ನಿಂದ ಇಳಿದ ಇಸಿಸಿ (ತಪ್ಪು ತಾನೇ ತಿದ್ದಿಕೊಳ್ಳುವ) ರ‍್ಯಾಮ್ ಅಗ್ಗ. ಆದರೆ ಹಂಚಿ ಹಾಕಬೇಕು. ಒಂದೊಂದು ಪ್ರೊಸೆಸರ್‌ಗೂ ರ‍್ಯಾಮ್ ಜೊತೆ ಮಾತಾಡಲು ನಾಲ್ಕು ದಾರಿ, ಅಂದರೆ ಚಾನಲ್. ನಾನು ಮೊದಲು 32 ಜಿಬಿಯ ನಾಲ್ಕು ಕಡ್ಡಿ ತಂದು ಎರಡೆರಡು ಹಾಕಿದ್ದೆ. ಅರ್ಧ ಚಾನಲ್ ಖಾಲಿ ಬಿಟ್ಟ ಹಾಗಾಯ್ತು ಅಲ್ವಾ? ಈಗ 16 ಜಿಬಿಯ ಎಂಟು ಇವೆ. ಗ್ರಾಫಿಕ್ಸ್‌ನಂಥ ಕಾರ್ಡ್‌ಗಳಿಗೆ ಬೇಕಾದ ಪಿಸಿಐಇ ಲೇನ್ ಕೂಡ ಪ್ರೊಸೆಸರ್‌ಗೆ 40ರಂತೆ ಸಿಗುತ್ತವೆ. ಎರಡನೇ ಸಾಕೆಟ್ ಖಾಲಿ ಇಟ್ಟರೆ ಅದರ ಪಾಲಿನ ಸ್ಲಾಟ್‌ಗಳು ಸತ್ತಂತೆ, ಆಮೇಲೆ ಒಂದು ಹಾಕೋಣ ಅನ್ನುವವರು ಮ್ಯಾನುಯಲ್ ನೋಡಿಯೇ ಕಾರ್ಡ್ ಸಿಕ್ಕಿಸಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕಳೆದ ಒಂದೂವರೆಯಲ್ಲಿ ಅರ್ಧ, ಪ್ರತಿ ಬೆಳಿಗ್ಗೆ ಆನ್ ಮಾಡಿ ಪರದೆ ಬೆಳಗುವವರೆಗೆ ಕಾಯಿಸುವುದಕ್ಕೆ.