ಒಂದು ಪುಟ್ಟ ಕಾಮಿಕ್ಸ್ ಬಳಗ: ವರ್ಷಗಟ್ಟಲೆ ಬಳಸಿದ ಮೇಲೆ

ಚಿತ್ರ ಬರೆಯುವವರಿಗೆ, ಕಾಮಿಕ್ಸ್ ಮಾಡುವವರಿಗೆ ಅಂತಲೇ ಇರುವ ಒಂದು ಸಣ್ಣ ಆನ್‌ಲೈನ್ ಬಳಗದಲ್ಲಿ ಕೆಲವು ವರ್ಷಗಳಿಂದ ಇದ್ದೇನೆ. ಹೆಸರು ಹೇಳುವುದಿಲ್ಲ. ಒಳಗೆ ಬರಲು ಸದಸ್ಯರೊಬ್ಬರು ಕರೆಯಬೇಕು, ಜನ ನುಗ್ಗಿದರೆ ಅದು ಸಣ್ಣದಾಗಿ ಉಳಿಯುವುದೂ ಇಲ್ಲ. ಆದರೆ ಇಂಥ ಬಳಗಗಳು ಬೇಕಾದಷ್ಟಿವೆ. ಸೇರಲೋ ಬೇಡವೋ ಎನ್ನುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ದೊಡ್ಡ ಜಾಲತಾಣಗಳಲ್ಲಿ ಒಂಟಿ ಚಿತ್ರ ಓಡುತ್ತದೆ, ಕಾಮಿಕ್ಸ್ ಕುಂಟುತ್ತದೆ. ಕಥೆಯ ಏಳನೇ ಪುಟ ಯಾರದೋ ಕಣ್ಣಿಗೆ ಬೀಳುತ್ತದೆ, ಹಿಂದಿನ ಆರನ್ನು ಅವರು ನೋಡಿಯೇ ಇರುವುದಿಲ್ಲ. ಇಲ್ಲಿ ಎಲ್ಲವೂ ಹಾಕಿದ ಕ್ರಮದಲ್ಲೇ ಬರುತ್ತದೆ. ಹೋದ ಪುಟದಲ್ಲಿ ಎಡಗೈಯಲ್ಲಿದ್ದ ಕೊಡೆ ಈ ಪುಟದಲ್ಲಿ ಬಲಗೈಗೆ ಹೇಗೆ ಬಂತು ಎಂದು ಕೇಳುವವರು ಇದ್ದಾರೆ. ನನಗೆ ಬೇಕಿದ್ದುದು ಅಂಥ ಓದುಗರು. ಲೈಕುಗಳ ಲೆಕ್ಕ ಮಾತ್ರ ಯಾವತ್ತೂ ಎರಡಂಕಿ ದಾಟುವುದು ಕಷ್ಟ.

ಬಳಗದ ಅತ್ಯುತ್ತಮ ಭಾಗ ತಿದ್ದುವ ಕೋಣೆ. ಚಿತ್ರ ಹಾಕುವಾಗಲೇ ನಿಮಗೇನು ಬೇಕೆಂದು ಬರೆಯಬೇಕು. ‘ಸುಮ್ಮನೆ ತೋರಿಸುತ್ತಿದ್ದೇನೆ’ ಅಂದರೆ ಯಾರೂ ತಪ್ಪು ಹುಡುಕುವುದಿಲ್ಲ. ‘ತಿದ್ದಿ’ ಅಂದರೆ ನಿಮ್ಮ ಚಿತ್ರದ ಮೇಲೆಯೇ ಹೊಸ ಲೇಯರ್ (ಪಾರದರ್ಶಕ ಪದರ) ಹಾಕಿ ಕೆಂಪು ಗೆರೆ ಎಳೆದು ಕೊಡುತ್ತಾರೆ. ಪ್ಯಾನೆಲ್‌ನಲ್ಲಿ, ಅಂದರೆ ಪುಟದ ಒಂದೊಂದು ಚೌಕಟ್ಟಿನಲ್ಲಿ, ಮೊದಲು ಮಾತಾಡುವ ಪಾತ್ರವನ್ನು ಎಡಕ್ಕೆ ನಿಲ್ಲಿಸಬೇಕು ಎಂಬುದು ನನಗೆ ಗೊತ್ತಾಗಿದ್ದು ಹಾಗೆಯೇ. ನಾವು ಓದುವುದು ಎಡದಿಂದ ಬಲಕ್ಕೆ. ಪಾತ್ರಗಳು ಅದಲುಬದಲಾದರೆ ಪ್ರಶ್ನೆಗಿಂತ ಮೊದಲು ಉತ್ತರ ಕಣ್ಣಿಗೆ ಬೀಳುತ್ತದೆ, ಇಲ್ಲವೇ ಮಾತಿನ ಬಲೂನುಗಳ ಬಾಲಗಳು ಒಂದನ್ನೊಂದು ಕತ್ತರಿಸಿಕೊಳ್ಳುತ್ತವೆ. ಹಾಗಾಗಿ ಬಲೂನುಗಳ ಜಾಗವನ್ನು ಕಚ್ಚಾ ಸ್ಕೆಚ್‌ನಲ್ಲೇ ಗುರುತು ಹಾಕಿಕೊಳ್ಳಬೇಕು, ಕೊನೆಗೆ ತುರುಕುವುದಲ್ಲ. ಕನ್ನಡದಲ್ಲಿ ಮಾತು ಬರೆಯುವವರಿಗೆ ಇನ್ನೊಂದು ತಾಪತ್ರಯ: ಒತ್ತಕ್ಷರಗಳು ಕೆಳಗಿಳಿಯುತ್ತವೆ, ಸಾಲುಗಳ ನಡುವೆ ಹೆಚ್ಚು ಜಾಗ ಬೇಕು, ಬಲೂನು ದೊಡ್ಡದಾಗುತ್ತದೆ. ಮಾತನ್ನೇ ಕಡಿಮೆ ಮಾಡು ಎಂದರು ಒಬ್ಬರು. ಸಿಟ್ಟು ಬಂತು, ಆದರೆ ಪುಟ ಸುಧಾರಿಸಿತು.

ಮಜಾಕ್ಕೂ ಕೊರತೆಯಿಲ್ಲ. ಫೆಬ್ರವರಿ 1ರಂದು ಎದ್ದಿರುವಷ್ಟು ಹೊತ್ತು ಗಂಟೆಗೊಂದರಂತೆ ಆ ಗಂಟೆಯ ಕಾಮಿಕ್ ಬರೆಯುವ ಆಟವಿದೆ. 1990ರಲ್ಲಿ ಅಮೆರಿಕದ ಕಾಮಿಕ್ಸ್ ಕಲಾವಿದ ಸ್ಕಾಟ್ ಮೆಕ್‌ಕ್ಲೌಡ್ ಶುರುಮಾಡಿದ, 24 ಗಂಟೆಯಲ್ಲಿ 24 ಪುಟ ಮುಗಿಸುವ ಸವಾಲಿಗೂ ಕೆಲವರು ಇಳಿಯುತ್ತಾರೆ. ನಾನು ಇಳಿಯುವುದಿಲ್ಲ, ನನಗೆ ನಿದ್ದೆ ಮುಖ್ಯ. ನನ್ನ ಮೆಚ್ಚಿನದು ಜ್ಯಾಮ್ ಕಾಮಿಕ್: ಹಿಂದಿನವರ ಒಂದು ಪ್ಯಾನೆಲ್ ಮಾತ್ರ ನೋಡಿ ನಿಮ್ಮದನ್ನು ಸೇರಿಸಿ ಮುಂದಕ್ಕೆ ದಾಟಿಸಬೇಕು. ಪತ್ತೇದಾರಿ ಕಥೆಯಾಗಿ ಹೊರಟದ್ದು ಬೆಕ್ಕಿನ ಮದುವೆಯಲ್ಲಿ ಮುಗಿಯುತ್ತದೆ.

ಇನ್ನು ದೂರುಗಳು. ಎಲ್ಲವೂ ಚಾಟ್ ರೂಪದಲ್ಲಿರುವುದರಿಂದ ಹಳೆಯ ಸಲಹೆಗಳು ಹೂತುಹೋಗುತ್ತವೆ, ಹುಡುಕಿದರೂ ಸಿಗುವುದಿಲ್ಲ. ಅಪ್‌ಲೋಡ್ ಆದ ಚಿತ್ರ ಕುಗ್ಗುತ್ತದೆ. ಚುಕ್ಕೆಗಳಿಂದ ನೆರಳು ಕೊಟ್ಟಿದ್ದರೆ ಅಲ್ಲಿ ಅಲೆಯಲೆಯ ವಿಚಿತ್ರ ವಿನ್ಯಾಸ ಏಳುತ್ತದೆ. ಮುದ್ರಣಕ್ಕೆ ಬೇಕಾದ 300 ಡಿಪಿಐ (ಇಂಚಿಗೆ 300 ಚುಕ್ಕೆ) ಮೂಲ ಫೈಲನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಿ, ಬಳಗವನ್ನು ಬೀರುವಿನಂತೆ ನಂಬಬೇಡಿ. ಒಳಗಿನವರ ತಮಾಷೆಗಳು ಹೊಸಬರಿಗೆ ಅರ್ಥವಾಗುವುದಿಲ್ಲ. ನಡೆಸುವವರು ಸಂಬಳವಿಲ್ಲದೆ ದುಡಿಯುವವರು, ಅವರು ದಣಿದ ವಾರ ಇಡೀ ಬಳಗ ಮೌನ.

ನನಗೆ ಹೆಚ್ಚು ಬೇಸರ ತರಿಸಿದ್ದು ಎಐ ವಿಚಾರ. ಎಐ ತಯಾರಿಸಿದ ಚಿತ್ರಗಳಿಗೆ ಇಲ್ಲಿ ಜಾಗವಿಲ್ಲ, ಆ ನಿಯಮಕ್ಕೆ ನನ್ನ ಒಪ್ಪಿಗೆಯಿದೆ. ಆದರೆ ಒಮ್ಮೆ ಹೊಸಬರೊಬ್ಬರ ಚಿತ್ರದ ಮೇಲೆ ಅನುಮಾನ ಬಂದು, ಎಲ್ಲರೆದುರೇ ಕಚ್ಚಾ ಸ್ಕೆಚ್ ಕೇಳಿದರು. ಅವರು ತೋರಿಸಿದರು, ಆಮೇಲೆ ಬಳಗ ಬಿಟ್ಟು ಹೋದರು. ಖಾಸಗಿಯಾಗಿ ಕೇಳಬಹುದಿತ್ತು. ಈಗ ಖಾಸಗಿಯಾಗಿಯೇ ಕೇಳುತ್ತಾರೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಅಭಿಮಾನಿಗಳು ಬೇಕು, ಕೆಲಸ ಗಿಟ್ಟಬೇಕು ಅನ್ನುವವರಿಗೆ ಇದು ಜಾಗವಲ್ಲ. ಅರ್ಧಕ್ಕೆ ನಿಂತ ಕಥೆಯಿದ್ದರೆ ಬನ್ನಿ. ಆದರೆ ನಿಮ್ಮ ಪುಟ ಹಾಕುವ ಮೊದಲು ಬೇರೆಯವರ ನಾಲ್ಕು ಪುಟ ಓದಿ, ಏನಾದರೂ ಹೇಳಿ. ಹೇಳದವರ ಪುಟಕ್ಕೆ ಇಲ್ಲಿ ಒಂದು ಹೃದಯದ ಗುರುತು ಬೀಳುತ್ತದೆ, ಅಷ್ಟೇ.