ದಾರಿ ಸಿಗದೆ ನಿಂತಾಗ ಗೇಮ್ ಏನು ಮಾಡುತ್ತದೆ? ಮೂರು ಪಝಲ್ ಆಟಗಳ ಹೋಲಿಕೆ

ನಿನ್ನೆ ರಾತ್ರಿ ಒಂದು ಪಝಲ್ ಅಡ್ವೆಂಚರ್ ಗೇಮ್ ಮುಗಿಸಿದೆ. ಗೆದ್ದ ಖುಷಿ ಆಗಲಿಲ್ಲ, ಸದ್ಯ ಮುಗಿಯಿತಲ್ಲ ಅನ್ನಿಸಿತು. ಹೆಸರು ಬೇಡ, ಚಿಕ್ಕ ತಂಡದ ಆಟ. ತುಮಕೂರಿನಿಂದ ಯಶವಂತಪುರಕ್ಕೆ ದಿನಾ ರೈಲಲ್ಲಿ ಓಡಾಡುತ್ತೇನೆ, ಮೆಷಿನೇರಿಯಮ್, ದಿ ರೂಮ್ ಎರಡನ್ನೂ ಇದೇ ಓಡಾಟದಲ್ಲಿ ಮುಗಿಸಿದ್ದೆ, ಹಾಗಾಗಿ ಈ ಮೂರನೆಯದನ್ನು ಅವುಗಳ ಪಕ್ಕ ಇಟ್ಟು ನೋಡದೆ ಇರಲು ಆಗಲಿಲ್ಲ.

ಚಿತ್ರ, ಸಂಗೀತ ಮೂರರಲ್ಲೂ ಚೆನ್ನಾಗಿವೆ. ವ್ಯತ್ಯಾಸ ಇರುವುದು ನಾವು ಸಿಕ್ಕಿಹಾಕಿಕೊಂಡಾಗ.

ಹೊಸ ಗೇಮಿನಲ್ಲಿ ಒಂದು ಗಂಟೆಗಳ ಕೋಣೆ ಇದೆ. ರಾಗ ಕೇಳಿ ಅದೇ ಕ್ರಮದಲ್ಲಿ ಗಂಟೆ ಬಾರಿಸಬೇಕು. ಸುಳಿವು ಇಲ್ಲ, ಪರದೆಯ ಮೇಲೆ ಯಾವ ಗುರುತೂ ಇಲ್ಲ, ಬರೀ ಕಿವಿಯ ಕೆಲಸ. ಕ್ಯಾತ್ಸಂದ್ರ ದಾಟಿದಾಗ ಶುರು ಮಾಡಿದರೆ ದೊಡ್ಡಬೆಲೆ ಬಂದರೂ ಅದೇ ರಾಗ, ಹೀಗೆ ನಾಲ್ಕು ದಿನ. ಕೊನೆಗೆ ನೋಡಿದರೆ ಒಂದು ಗಂಟೆ ಗೋಡೆಯದೇ ಬಣ್ಣದ ಬಟ್ಟೆ ಪರದೆಯ ಹಿಂದೆ ಇತ್ತು! ಉತ್ತರ ಸಿಕ್ಕಾಗ "ಛೆ, ನನಗೆ ಹೊಳೀಬೇಕಿತ್ತು" ಅನ್ನಿಸಬೇಕು ಅಲ್ವಾ? ನನಗೆ ಬಂದದ್ದು ಸಿಟ್ಟು. ಕಿವಿ ಸರಿಯಾಗಿ ಕೇಳದವರು ಇದನ್ನು ದಾಟುವುದಾದರೂ ಹೇಗೆ?

2012ರಲ್ಲಿ ಬಂದ ದಿ ರೂಮ್ ಇದಕ್ಕೆ ಪೂರ್ತಿ ಉಲ್ಟಾ. ಒಂದು ಪೆಟ್ಟಿಗೆ, ಅದರ ಬೀಗಗಳು, ಅಷ್ಟೇ. ಕಣ್ಣಿಗೆ ಕಾಣದ ಗುರುತುಗಳನ್ನು ತೋರಿಸುವ ಒಂದು ಮಸೂರ ಕೊಡುತ್ತಾರೆ. ತಡವಾದರೆ ಮೂಲೆಯಲ್ಲಿ ಪ್ರಶ್ನೆ ಚಿಹ್ನೆ ಬರುತ್ತದೆ, ಮೊದಲ ಸುಳಿವು ಮೇಲುಮೇಲೆ, ಆಮೇಲಿನದು ಇನ್ನೂ ಬಿಡಿಸಿ ಹೇಳುತ್ತದೆ. ಬೇಡ ಅಂದರೆ ಮುಟ್ಟದೆ ಇದ್ದರಾಯಿತು. ಬೇಗ ಮುಗಿಯುತ್ತದೆ, ಅದೊಂದೇ ಬೇಜಾರು.

ನನಗೆ ಜಾಸ್ತಿ ಇಷ್ಟವಾದದ್ದು ಮೆಷಿನೇರಿಯಮ್. ಜೆಕ್ ದೇಶದ ಅಮಾನಿತಾ ಡಿಸೈನ್ ತಂಡ 2009ರಲ್ಲಿ ಮಾಡಿದ ಆಟ. ಇದು ಸುಲಭ ಅಂತಲ್ಲ, ಬಾರಿನಲ್ಲಿ ಕೂತ ರೋಬೋ ಜೊತೆ ಐದು ಕಾಯಿ ಸಾಲು ಹಿಡಿಸುವ ಆಟದಲ್ಲಿ ನಾನು ಎಷ್ಟು ಸಲ ಸೋತೆನೋ ಲೆಕ್ಕವಿಲ್ಲ. ಆದರೆ ಸೋತಾಗಲೆಲ್ಲ ತಪ್ಪು ನನ್ನದೇ ಅಂತ ಗೊತ್ತಾಗುತ್ತಿತ್ತು, ಅದಕ್ಕೇ ಮತ್ತೆ ಆಡಿದೆ. ಪರದೆಯ ಮೇಲಿನ ಬಲ್ಬ್ ಚಿತ್ರ ಒತ್ತಿದರೆ ಒಂದು ಸುಳಿವು. ಪೂರ್ತಿ ಉತ್ತರ ಬೇಕಂದರೆ ಬೀಗ ಹಾಕಿದ ಪುಸ್ತಕ ಇದೆ, ಅದನ್ನು ತೆರೆಯಲು ಇನ್ನೊಂದು ಪುಟ್ಟ ಆಟ ಆಡಬೇಕು. ಸುಮ್ನೆ ಉತ್ತರ ಕೊಡುವುದಿಲ್ಲ, ಕೈಬಿಡುವುದೂ ಇಲ್ಲ.

ರೈಲಲ್ಲಿ ಒಬ್ಬರೇ ಆಡುವುದಾದರೆ ದಿ ರೂಮ್ ತಗೊಳ್ಳಿ. ಮನೆಯಲ್ಲಿ ಮಕ್ಕಳಿದ್ದರೆ ಮೆಷಿನೇರಿಯಮ್. ಅದರಲ್ಲಿ ರೋಬೋ ಪಾತ್ರಗಳ ಮಾತೆಲ್ಲ ತಲೆಯ ಮೇಲಿನ ಗುಳ್ಳೆಯಲ್ಲಿ ಚಿತ್ರವಾಗಿ ಬರುತ್ತದೆ. ಇನ್ನೂ ಓದಲು ಬಾರದ ನನ್ನ ಅಕ್ಕನ ಮಗಳು ಪಕ್ಕದಲ್ಲಿ ಕೂತು, "ಮಾಮ, ಅದಕ್ಕೆ ಎಣ್ಣೆ ಬೇಕಂತೆ" ಅಂತ ನನಗಿಂತ ಮೊದಲೇ ಹೇಳಿದ್ದಳು.