ಕಾರ್ಟೆಕ್ಸ್‌ನಲ್ಲಿ ಏನು ಅಳೆಯುವುದು: ದಪ್ಪವೋ, ವಿಸ್ತೀರ್ಣವೋ, ಮಡಿಕೆಯೋ?

ಧಾರವಾಡದಲ್ಲಿ ಸೈಕಿಯಾಟ್ರಿ ಪಿಜಿ ಮಾಡುತ್ತಿರುವ ತಂಗಿಯೊಬ್ಬಳು ಕೇಳಿದ್ದಾಳೆ: ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಯ ಥೀಸಿಸ್‌ಗೆ ಮಿದುಳಿನ ಹೊರಪದರದಲ್ಲಿ, ಅಂದರೆ ಕಾರ್ಟೆಕ್ಸ್‌ನಲ್ಲಿ, ಏನನ್ನು ಅಳೆಯಲಿ?

ಮೊದಲು ನಿನ್ನ ಪ್ರಶ್ನೆ ಯಾವ ಕಾಲದ್ದು ನೋಡಮ್ಮ. ಮಡಿಕೆಗಳು ಬಹುಪಾಲು ಮೂಡುವುದು ಗರ್ಭದ ಕೊನೆಯ ಮೂರು ತಿಂಗಳಲ್ಲಿ. ಕಾಯಿಲೆಯ ಬೇರು ಹುಟ್ಟಿಗೂ ಮುಂಚೆ ಇತ್ತಾ ಎಂದು ಹುಡುಕುವುದಾದರೆ ಮಡಿಕೆಯೇ ಸರಿ. ದಪ್ಪ ಹಾಗಲ್ಲ. ಸರಾಸರಿ 2.5 ಮಿ.ಮೀ. ಇರುವ ಈ ಪದರ ವಯಸ್ಸಾದಂತೆ ತೆಳುವಾಗುತ್ತದೆ. ಈ ಕಾಯಿಲೆಗೆ ಕೊಡುವ ಆಂಟಿಸೈಕೋಟಿಕ್ ಮಾತ್ರೆಗಳ ಜೊತೆಗೂ ಈ ತೆಳುವಾಗುವಿಕೆಯ ನಂಟು ಕಂಡಿದೆ. ಅದೇ ರೋಗಿಗಳನ್ನು ವರ್ಷ ಬಿಟ್ಟು ಮತ್ತೆ ಸ್ಕ್ಯಾನ್ ಮಾಡುವುದಾದರೆ ದಪ್ಪವನ್ನೇ ಹಿಡಿ. ಹಣೆಯ ಹಿಂದಿನ ಮತ್ತು ಕಿವಿಯ ಪಕ್ಕದ ಭಾಗ ತೆಳುವಾಗಿರುವುದು ದೊಡ್ಡ ಅಧ್ಯಯನಗಳಲ್ಲೂ ಕಂಡಿದೆ, ಹೋಲಿಸಲು ಅಂಕಿ ಸಿಗುತ್ತವೆ.

ಆದರೆ ಸ್ಕ್ಯಾನ್ ವೇಳೆ ತಲೆ ಅಲ್ಲಾಡಿದರೆ ಪದರ ಸುಮ್ನೆ ತೆಳುವಾಗಿ ಕಾಣುತ್ತದೆ. ಅಲುಗಾಡದೆ ಮಲಗುವುದು ರೋಗಿಗಳಿಗೇ ಜಾಸ್ತಿ ಕಷ್ಟ, ಅಲ್ವಾ? ಪ್ರತಿ ಚಿತ್ರವನ್ನೂ ನೀನೇ ಕೂತು ನೋಡಲೇಬೇಕು.

ವಿಸ್ತೀರ್ಣಕ್ಕೆ ತಲೆಯ ಗಾತ್ರದ ಲೆಕ್ಕ ಸರಿಪಡಿಸಿಕೋ. ಜೀನ್‌ಗಳ ಕೆಲಸವಿದ್ದರೆ ಅದನ್ನು ದಪ್ಪದ ಜೊತೆ ಬೆರೆಸಬೇಡ. ಎರಡರ ಜೀನ್‌ಗಳೂ ಬಹುಮಟ್ಟಿಗೆ ಬೇರೆ.

ಖರ್ಚು? ಸ್ಕ್ಯಾನ್ ಚಿತ್ರಗಳಿಂದ ಅಳತೆ ತೆಗೆಯುವ ಫ್ರೀಸರ್ಫರ್ ಸಾಫ್ಟ್‌ವೇರ್ ಉಚಿತ; ದಪ್ಪ, ವಿಸ್ತೀರ್ಣ ಒಂದೇ ಸಲಕ್ಕೆ ಸಿಗುತ್ತವೆ. ಅದರಲ್ಲಿ ಮಡಿಕೆಯ ಸೂಚ್ಯಂಕ ತೆಗೆಯಲು ಮ್ಯಾಟ್‌ಲ್ಯಾಬ್ ಎಂಬ ಇನ್ನೊಂದು ಸಾಫ್ಟ್‌ವೇರ್ ಬೇಕು, ಅದಕ್ಕೆ ಲೈಸೆನ್ಸ್ ದುಡ್ಡು. ನಿಮ್ಮಲ್ಲಿ ಇದೆಯಾ ಎಂದು ಇವತ್ತೇ ಗೈಡ್ ಹತ್ತಿರ ಕೇಳಿಬಿಡು.